ಐದನೇ ಕ್ಲಾಸಿನ ಮಗ ಮತ್ತು 1830ರ ಬೆಲ್ಜಿಯಂ ಕ್ರಾಂತಿ: ಯಾರ ಬಗ್ಗೆ ಮಾತಾಡಿಸಲಿ?

ಲುವೆನ್‌ನ ಒಬ್ಬ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗ ಇಲ್ಲಿನ ಡಚ್ ಶಾಲೆಯಲ್ಲಿ ಐದನೇ ಕ್ಲಾಸು. ಮುಂದಿನ ತಿಂಗಳು ಸ್ಪ್ರೇಕ್‌ಬ್ಯುರ್ಟ್ ಇದೆ, ಎಲ್ಲರ ಮುಂದೆ ನಿಂತು ಮಾತಾಡಬೇಕು. ವಿಷಯ ಬೆಲ್ಜಿಯಂ ಡಚ್ಚರಿಂದ ಬೇರೆಯಾದ 1830ನೇ ಇಸವಿ, ಆ ವರ್ಷದ ಮೂವರು ಮುಖ್ಯ ವ್ಯಕ್ತಿಗಳು. ಅವನು ಲೈಬ್ರರಿ ಪುಸ್ತಕ ಓದಿ ಒಂದು ಪ್ರಶ್ನೆ ಹಿಡಿದು ಕೂತಿದ್ದಾನೆ. "ಅಮ್ಮಾ, ಡಚ್ ರಾಜ ವಿಲ್ಲೆಮ್ ಗೆಂಟ್‌ನಲ್ಲಿ, ಲಿಯೇಜ್‌ನಲ್ಲಿ ಯೂನಿವರ್ಸಿಟಿ ಮಾಡಿಸಿದ, ಗೆಂಟ್‌ನಿಂದ ಸಮುದ್ರದ ಕಡೆಗೆ ಕಾಲುವೆ ತೋಡಿಸಿದ. ಅಂಥವನನ್ನು ಯಾಕೆ ಓಡಿಸಿದ್ರು?" ಇದನ್ನೇ ಕ್ಲಾಸಿನಲ್ಲಿ ಕೇಳುತ್ತಾನಂತೆ.

ನಾವು ಇಲ್ಲಿಗೆ ಬಂದು ಹೆಚ್ಚು ದಿನ ಆಗಿಲ್ಲ. ಹೊರಗಿನಿಂದ ಬಂದವರ ಮಗ ಇವರ ಸ್ವಾತಂತ್ರ್ಯದ ಕಥೆಯನ್ನೇ ಪ್ರಶ್ನೆ ಮಾಡಿದರೆ ಟೀಚರ್ ಏನಂದುಕೊಳ್ಳುತ್ತಾರೋ ಅಂತ ಭಯ. ನನಗೂ ನಮ್ಮ ಯಜಮಾನರಿಗೂ ಡಚ್ ಅಷ್ಟಕ್ಕಷ್ಟೆ, ನಾವೇ ಓದಿ ಹೇಳಿಕೊಡುವ ಹಾಗಿಲ್ಲ. ಇಲ್ಲೇ ಮಕ್ಕಳನ್ನು ಬೆಳೆಸಿದವರು ದಯವಿಟ್ಟು ಹೇಳಿ. ಯಾರನ್ನು ಆರಿಸಿಕೊಂಡರೆ ಒಳ್ಳೆಯದು? ಆ ಪ್ರಶ್ನೆ ಕೇಳಲು ಬಿಡಬಹುದಾ?

ಗೆಂಟ್‌ನಿಂದ:
ಕೇಳಲಿ ಬಿಡಿ ಮೇಡಂ, ಖಂಡಿತ ಕೇಳಲಿ. ನಮ್ಮ ಗೆಂಟ್‌ನ ಗಿರಣಿ ಮಾಲೀಕರೇ ಆಗ ವಿಲ್ಲೆಮ್ ಪಕ್ಷ. ಅವರ ಹತ್ತಿಬಟ್ಟೆ ಡಚ್ಚರ ವಸಾಹತುಗಳಿಗೆ ಹೋಗುತ್ತಿತ್ತು, ದೇಶ ಒಡೆದರೆ ಆ ಮಾರುಕಟ್ಟೆ ಹೋಯಿತು. ಕ್ರಾಂತಿ ಆದಮೇಲೂ ಎಷ್ಟೋ ವರ್ಷ ಇಲ್ಲಿ ಅವನ ಬೆಂಬಲಿಗರಿದ್ದರು. ಹಾಗಾಗಿ ನಿಮ್ಮ ಮಗನ ಪ್ರಶ್ನೆ ಹೊರಗಿನವರ ಪ್ರಶ್ನೆ ಅಲ್ಲ, ಊರಿನವರೇ ಕೇಳಿದ್ದು.

ಬ್ರಸೆಲ್ಸ್, ಸ್ಖಾರ್ಬೇಕ್‌ನಿಂದ:
ಅಕ್ಕಾ, ನನ್ನ ಮಗಳಿಗೂ ಇದೇ ಪಾಠ ಬಂದಿತ್ತು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಅವನ ಪ್ರಶ್ನೆಗೆ ಉತ್ತರ. ನೆಪೋಲಿಯನ್ ಸೋತ ಮೇಲೆ 1815ರಲ್ಲಿ ದೊಡ್ಡ ದೇಶಗಳು ಸೇರಿ ಉತ್ತರದ ಡಚ್ಚರನ್ನೂ ದಕ್ಷಿಣದ ಬೆಲ್ಜಿಯಂನವರನ್ನೂ ಒಂದೇ ರಾಜ್ಯ ಮಾಡಿ ವಿಲ್ಲೆಮ್ ಕೈಗೆ ಕೊಟ್ಟವು. ವಿಲ್ಲೆಮ್ ಕಾರ್ಖಾನೆ, ಕಾಲುವೆ, ಬ್ಯಾಂಕು ಎಲ್ಲ ಮಾಡಿಸಿದ, ಅದು ನಿಜ. ಆದರೆ ದಕ್ಷಿಣದಲ್ಲಿ ಜನ 30 ಲಕ್ಷಕ್ಕೂ ಹೆಚ್ಚು, ಉತ್ತರದಲ್ಲಿ ಸುಮಾರು 20 ಲಕ್ಷ, ಸಂಸತ್ತಿನಲ್ಲಿ ಮಾತ್ರ ಎರಡೂ ಕಡೆಗೆ 55–55 ಸೀಟು. ಉತ್ತರದವರ ಹಳೇ ಸಾಲವನ್ನು ಇವರೂ ತೀರಿಸಬೇಕು. ಕ್ಯಾಥೊಲಿಕ್ ಪಾದ್ರಿಗಳಿಗೆ ಪ್ರೊಟೆಸ್ಟೆಂಟ್ ರಾಜ ಶಾಲೆಗಳ ಮೇಲೆ ಹಿಡಿತ ಸಾಧಿಸುತ್ತಾನೆ ಅನ್ನುವ ಸಿಟ್ಟು. ರಾಜನ ವಿರುದ್ಧ ಪತ್ರಿಕೆಯಲ್ಲಿ ಬರೆದ ಲೂಯಿ ದ ಪೊಟೆರ್‌ಗೆ ಜೈಲು, ಆಮೇಲೆ ಗಡಿಪಾರು. ಇಷ್ಟೆಲ್ಲ ಒಳಗೇ ಬೇಯುತ್ತಿದ್ದಾಗ 1830ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ರಾಜನನ್ನು ಇಳಿಸಿದ ಸುದ್ದಿ ಬಂತು. ಆಗಸ್ಟ್ 25ರ ರಾತ್ರಿ ಬ್ರಸೆಲ್ಸ್‌ನ ಮೊನ್ನೆ ನಾಟಕಶಾಲೆಯಲ್ಲಿ ಒಂದು ಒಪೆರಾ ನೋಡಿ ಹೊರಬಂದ ಜನ ಗಲಾಟೆ ಶುರುಮಾಡಿದರು. ಸೆಪ್ಟೆಂಬರ್ 23ಕ್ಕೆ ಡಚ್ ಸೈನ್ಯ ನಗರದೊಳಗೆ ಬಂತು, ಅರಮನೆ ಎದುರಿನ ವಾರಾಂಡೆ ಪಾರ್ಕಿನಲ್ಲಿ ಕೂತು ಗುಂಡು ಹಾರಿಸಿತು. 26ರ ರಾತ್ರಿ ಕತ್ತಲಲ್ಲಿ ಜಾಗ ಖಾಲಿ ಮಾಡಿತು. ಅಕ್ಟೋಬರ್ 4ಕ್ಕೆ ಸ್ವಾತಂತ್ರ್ಯ ಘೋಷಣೆ.

ಈಗ ನಿಮ್ಮ ಭಯದ ವಿಷಯ. ಅಕ್ಕಾ, ಆ ವರ್ಷದ ದೊಡ್ಡವರು ಎಲ್ಲಿ ಹುಟ್ಟಿದವರು ಅಂತ ನೋಡಿ. ಲಿಯೇಜ್‌ನಿಂದ ಸ್ವಯಂಸೇವಕರನ್ನು ಕಟ್ಟಿಕೊಂಡು ಬ್ರಸೆಲ್ಸ್‌ಗೆ ಬಂದ ಶಾರ್ಲ್ ರೊಜಿಯೆ ಹುಟ್ಟಿದ್ದು ಫ್ರಾನ್ಸಿನ ಸಾಂ-ಕಾಂತಾಂನಲ್ಲಿ. ಪಾರ್ಕಿನ ಕಾಳಗದಲ್ಲಿ ಸ್ವಯಂಸೇವಕರ ಸೇನಾಪತಿ ಹುವಾನ್ ವಾನ್ ಹಾಲೆನ್ ಸ್ಪೇನಿನವನು. ರಾಷ್ಟ್ರಗೀತೆ ಬ್ರಾಬಾಂಸೊನ್‌ನ ಮೊದಲ ಸಾಲುಗಳನ್ನು ಬರೆದ ಜೆನ್‌ವಾಲ್ ಫ್ರಾನ್ಸಿನಿಂದ ಬಂದ ನಟ, ಅದೇ ಅಕ್ಟೋಬರ್‌ನಲ್ಲಿ ಲೀರ್ ಹತ್ತಿರ ಇವರಿಗಾಗಿ ಹೋರಾಡುತ್ತಾ ಸತ್ತ. ಕೊನೆಗೆ ರಾಜನಾಗಿ 1831ರ ಜುಲೈ 21ಕ್ಕೆ ಪ್ರಮಾಣ ಮಾಡಿದ ಲಿಯೋಪೋಲ್ಡ್ ಜರ್ಮನಿಯ ಕೋಬರ್ಗ್‌ನವನು. ಈ ದೇಶ ಹುಟ್ಟುವಾಗಲೇ ಹೊರಗಿನಿಂದ ಬಂದವರು ನಡುಮನೆಯಲ್ಲಿದ್ದರು. ನಿಮ್ಮ ಮಗ ಹೆದರಬೇಕಾದ್ದು ಏನೂ ಇಲ್ಲ.

ನನ್ನನ್ನು ಕೇಳಿದರೆ ರೊಜಿಯೆ, ವಾನ್ ಹಾಲೆನ್, ಇನ್ನೊಬ್ಬ ನಿಮ್ಮೂರಿನವನೇ ಸಿಲ್ವೆಂ ವಾನ್ ದ ವೇಯರ್. 1802ರಲ್ಲಿ ಲುವೆನ್‌ನಲ್ಲಿ ಹುಟ್ಟಿದವನು, ವಕೀಲ, ದ ಪೊಟೆರ್ ಪರವಾಗಿ ವಾದ ಮಾಡಿದವನು. ಆಮೇಲೆ ಲಂಡನ್‌ನಲ್ಲಿ ಹೊಸ ದೇಶದ ರಾಯಭಾರಿ. ರೊಜಿಯೆಯನ್ನು ಮಕ್ಕಳು ಇಷ್ಟಪಡಲು ಇನ್ನೊಂದು ಕಾರಣ ರೈಲು. 1835ರ ಮೇ 5ಕ್ಕೆ ಬ್ರಸೆಲ್ಸ್‌ನಿಂದ ಮೆಖೆಲೆನ್‌ಗೆ ಹೊರಟ ರೈಲಿನ ಹಿಂದೆ ಅವನ ಹಟ ಇತ್ತು. ಹುಡುಗರಿಗೆ ಇದು ಹೇಳಿದರೆ ಕಣ್ಣರಳಿಸುತ್ತಾರೆ.

ಒಂದು ಶನಿವಾರ ಕರಕೊಂಡು ಬನ್ನಿ. ಸೆಂಟ್ರಲ್ ಸ್ಟೇಷನ್‌ನಲ್ಲಿ ಇಳಿದು ಮೇಲೆ ಹತ್ತಿದರೆ ಪಾರ್ಕು. ಅಲ್ಲಿಂದ ಕೊನಿಂಗ್ಸ್‌ಸ್ಟ್ರಾಟ್ ರಸ್ತೆ ಹಿಡಿದು ನಡೆದರೆ ಕಾಂಗ್ರೆಸ್ ಕಂಬ, ಹೊಸ ದೇಶದ ಸಂವಿಧಾನ ಬರೆದ ರಾಷ್ಟ್ರೀಯ ಕಾಂಗ್ರೆಸ್ ಸಭೆಯ ನೆನಪಿಗೆ ನಿಲ್ಲಿಸಿದ್ದು. ಮೇಲೆ ಲಿಯೋಪೋಲ್ಡ್ ನಿಂತಿದ್ದಾನೆ, ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಹೆಣ್ಣುಮೂರ್ತಿಗಳು: ಪತ್ರಿಕೆ, ಶಿಕ್ಷಣ, ಸಂಘ, ಧರ್ಮ, ಈ ನಾಲ್ಕರ ಸ್ವಾತಂತ್ರ್ಯ. ಯಾಕೆ ಓಡಿಸಿದರು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಕಲ್ಲಿನಲ್ಲಿದೆ. ಹಾಗೇ ಇಳಿದು ಮಾರ್ಟೆಲಾರ್ಸ್ ಚೌಕಕ್ಕೆ, ಅಂದರೆ ಹುತಾತ್ಮರ ಚೌಕಕ್ಕೆ ಬನ್ನಿ. ನಡುವಿನ ಸ್ಮಾರಕದ ಸುತ್ತ ನೆಲ ತಗ್ಗಿನಲ್ಲಿದೆ, ಆ ಗೋಡೆಗಳಲ್ಲಿ ಸೆಪ್ಟೆಂಬರ್‌ನಲ್ಲಿ ಸತ್ತವರ ಹೆಸರುಗಳನ್ನು ಕೊರೆದಿದ್ದಾರೆ, 400ಕ್ಕೂ ಹೆಚ್ಚು ಜನ. ನನ್ನ ಮಗಳು ಒಂದೊಂದೇ ಹೆಸರು ಬೆರಳಿಟ್ಟು ಓದಿದಳು, ಕರೆದರೂ ಬರಲಿಲ್ಲ.

ವಾಟರ್ಲೂ ಕಡೆಯಿಂದ:
ಇಷ್ಟೆಲ್ಲ ಯಾಕೆ ತಲೆನೋವು? ಇನ್ನೂ ಸಣ್ಣವನು ತಾನೆ, ಇಂಟರ್‌ನ್ಯಾಷನಲ್ ಸ್ಕೂಲಿಗೆ ಹಾಕಿ. ನಾಳೆ ಕಂಪನಿ ಜರ್ಮನಿಗೆ ಕಳಿಸಿದರೆ ಈ 1830 ಎಲ್ಲಿ ಉಪಯೋಗಕ್ಕೆ ಬರುತ್ತೆ? ನನ್ನ ಇಬ್ಬರು ಮಕ್ಕಳೂ ಇಂಗ್ಲಿಷಿನಲ್ಲೇ ಓದಿದರು. ದೊಡ್ಡವನು ಈಗ ಐಂಡ್‌ಹೋವೆನ್‌ನಲ್ಲಿ ಚಿಪ್ ಡಿಸೈನ್, ಚಿಕ್ಕವಳು ಮೆಡಿಸಿನ್. ದೇವರ ದಯೆ.

ಆಂಟ್‌ವರ್ಪ್‌ನ ಹಿರಿಯರು:
ತಂಗಿ, ಸ್ಖಾರ್ಬೇಕ್‌ನವರು ಚೆನ್ನಾಗಿ ಬರೆದಿದ್ದಾರೆ, ಆದರೆ ಮುಖ್ಯವಾದದ್ದನ್ನೇ ಬಿಟ್ಟರು. ಭಾಷೆ! 1830ರಲ್ಲಿ ಗೆದ್ದವರು ಯಾರು? ಫ್ರೆಂಚ್ ಮಾತಾಡುವ ವಕೀಲರು, ಪತ್ರಕರ್ತರು, ಶ್ರೀಮಂತರು. ನವೆಂಬರ್‌ನಲ್ಲಿ ರಾಷ್ಟ್ರೀಯ ಕಾಂಗ್ರೆಸ್‌ಗೆ ಚುನಾವಣೆ ನಡೆದಾಗ ಮತ ಹಾಕುವ ಹಕ್ಕು ಇಡೀ ದೇಶದಲ್ಲಿ ಸುಮಾರು 46,000 ಗಂಡಸರಿಗೆ ಮಾತ್ರ. ಡಚ್ ಮಾತಾಡುವ ಫ್ಲಾಂಡರ್ಸ್‌ನ ರೈತನಿಗೆ, ನೇಕಾರನಿಗೆ ಏನು ಸಿಕ್ಕಿತು? ಅವನ ಊರಿನ ಕೋರ್ಟು ಫ್ರೆಂಚ್, ಸೈನ್ಯ ಫ್ರೆಂಚ್, ಕಾಲೇಜು ಫ್ರೆಂಚ್. ಕಾನೂನಿನಲ್ಲಿ ಡಚ್ ಭಾಷೆಗೆ ಫ್ರೆಂಚ್ ಜೊತೆ ಸಮಾನ ಸ್ಥಾನ ಬಂದದ್ದು 1898ರಲ್ಲಿ. ಗೆಂಟ್ ಯೂನಿವರ್ಸಿಟಿ ಪೂರ್ತಿ ಡಚ್ ಆದದ್ದು 1930ರಲ್ಲಿ. ಸಂವಿಧಾನದ ಡಚ್ ಪಠ್ಯಕ್ಕೆ ಅಧಿಕೃತ ಮಾನ್ಯತೆ 1967ರಲ್ಲಿ! ನೂರ ಮೂವತ್ತು ವರ್ಷಕ್ಕೂ ಮಿಕ್ಕಿ ತಮ್ಮ ನೆಲದಲ್ಲೇ ಕಾದ ಜನ ಇವರು.

ಹುಡುಗನಿಗೆ ಹೆಂಡ್ರಿಕ್ ಕಾನ್ಸಿಯೆನ್ಸ್ ಬಗ್ಗೆ ಹೇಳಿಕೊಡಿ. ನಮ್ಮ ಆಂಟ್‌ವರ್ಪ್‌ನವನು. 1830ರಲ್ಲಿ ಹದಿನೇಳರ ಹರೆಯದಲ್ಲಿ ಕ್ರಾಂತಿಯ ಸೈನ್ಯ ಸೇರಿದ. ಆಮೇಲೆ ಅದೇ ಹೊಸ ದೇಶದಲ್ಲಿ ಯಾರೂ ಲೆಕ್ಕಕ್ಕಿಡದ ಭಾಷೆಯಲ್ಲಿ ಕಾದಂಬರಿ ಬರೆದು ತನ್ನ ಜನಕ್ಕೆ ಓದಲು ಕಲಿಸಿದ. ಹಳೇ ಲೈಬ್ರರಿ ಎದುರಿನ ಚೌಕದಲ್ಲಿ ಅವನ ಮೂರ್ತಿ ಇದೆ, ಬನ್ನಿ, ನಾನೇ ತೋರಿಸುತ್ತೇನೆ.

ಇನ್ನೊಂದು ಮಾತು. ಮೈಸೂರಿನಲ್ಲಿ ನಾನು ಕಾಲೇಜಿನಲ್ಲಿದ್ದಾಗ ಗೋಕಾಕ್ ಚಳವಳಿ, ರಾಜ್‌ಕುಮಾರ್ ಅವರು ಬೀದಿಗಿಳಿದ 1982. ಆ ಜನಸಾಗರ ಕಣ್ಣಾರೆ ಕಂಡವನು ನಾನು. ಮನೆಯಲ್ಲಿ ಕನ್ನಡ ಬಿಟ್ಟು ಇಲ್ಲಿ ಏನು ಕಲಿತರೂ ಬೇರಿಲ್ಲದ ಗಿಡ. ಮೊದಲು ಮಗನಿಗೆ ಕನ್ನಡ ಓದಲು ಬರುತ್ತದಾ ಹೇಳಿ.

ಬ್ರಸೆಲ್ಸ್‌ನಲ್ಲಿರೋ ಹುಬ್ಬಳ್ಳಿಯವ:
ಸರ್, ನಿಮ್ಮ ಮ್ಯಾಲೆ ಭಾಳ ಗೌರವ ಐತ್ರಿ, ಆದ್ರ 1830 ಬರೇ ಭಾಷಾ ಜಗಳ ಅಲ್ರಿ. ಆ ವರ್ಷ ಕೆಲಸ ಇಲ್ಲ, ರೊಟ್ಟಿ ತುಟ್ಟಿ. ಆಗಸ್ಟ್‌ನ್ಯಾಗ ಬ್ರಸೆಲ್ಸ್‌ನ ಕೂಲಿ ಮಂದಿ ಕಾರ್ಖಾನಿಗೆ ಹೋಗಿ ಯಂತ್ರ ಒಡದ್ರು. ಪಾರ್ಕಿನ ಸುತ್ತ ಗುಂಡಿಗೆ ಬಿದ್ದಾವ್ರೊಳಗ ಭಾಳ ಮಂದಿ ದುಡಿದು ತಿನ್ನಾವ್ರು, ಅವರಿಗೆ ನವೆಂಬರ್‌ನ್ಯಾಗ ವೋಟು ಸುದ್ದಾ ಇರಲಿಲ್ಲ. ಆ ಹುಡುಗ ಅವರ ಬಗ್ಗೆ ಎರಡು ಮಾತು ಹೇಳ್ಲಿ.

ಆಂಟ್‌ವರ್ಪ್‌ನ ಹಿರಿಯರು:
ವೋಟು ಯಾಕಿರಲಿಲ್ಲ ಅನ್ನುವುದನ್ನೇ ನಾನು ಹೇಳುತ್ತಿರುವುದು. ಅಧಿಕಾರ ಯಾರ ಭಾಷೆಯಲ್ಲಿ ಇರುತ್ತದೋ ಅವರ ಕೈಯಲ್ಲೇ ಇರುತ್ತದೆ.

ಬ್ರಸೆಲ್ಸ್‌ನಲ್ಲಿರೋ ಹುಬ್ಬಳ್ಳಿಯವ:
ವೋಟು ಇರಲಿಲ್ಲ ಯಾಕಂದ್ರ ರೊಕ್ಕ ಇರಲಿಲ್ಲ ಸರ್. ತೆರಿಗಿ ಕಟ್ಟಾವ್ರಿಗೆ ಅಷ್ಟ ವೋಟು. ಫ್ರೆಂಚ್ ಕಡಿ ಇರೋ ವಲೋನಿಯಾದ ಗಣಿ ಕೂಲಿ ಏನು ಫ್ರೆಂಚ್ ಸಾಹುಕಾರ ಆಗಿದ್ನೇನ್ರಿ? ಅವನೂ ಮನಿಯಾಗ ಅಲ್ಲಿನ ಆಡುಮಾತು ವಲೂನ್ ಮಾತಾಡಾವ.

ಹಾಸೆಲ್ಟ್‌ನಿಂದ:
ಇಬ್ಬರ ಮಾತನ್ನೂ ಓದಿದೆ. ನನ್ನ ಮಗಳು ಇಲ್ಲೇ ಹುಟ್ಟಿ ಇಲ್ಲೇ ಓದಿದಳು, ಡಚ್ ನೀರು ಕುಡಿದಷ್ಟು ಸಲೀಸು. ಊರಿಗೆ ಹೋದಾಗ ನಮ್ಮ ಅಮ್ಮನ ಹತ್ತಿರ ಕೂತರೆ ಇಬ್ಬರಿಗೂ ಮಾತಿಲ್ಲ, ಕೈ ಹಿಡಿದುಕೊಂಡು ಕೂರುತ್ತಿದ್ದರು. ಅಮ್ಮ ಹೋದ ವರ್ಷ ತೀರಿಕೊಂಡರು. ಹಿರಿಯರು ಕನ್ನಡದ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸತ್ಯ ತಂಗಿ.

ಮೆಖೆಲೆನ್‌ನಿಂದ:
ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಿಬಿಎಸ್‌ಇ. ಹತ್ತನೇ ಕ್ಲಾಸಿನ ಪೌರನೀತಿ ಪುಸ್ತಕದಲ್ಲಿ ಅಧಿಕಾರ ಹಂಚಿಕೆ ಪಾಠ ಶುರುವಾಗುವುದೇ ಬೆಲ್ಜಿಯಂನಿಂದ. ಡಚ್‌ನವರು 59%, ಫ್ರೆಂಚ್‌ನವರು 40%, ಜರ್ಮನ್ 1%, ಬ್ರಸೆಲ್ಸ್‌ನಲ್ಲಿ ಮಾತ್ರ ಫ್ರೆಂಚ್‌ನವರೇ ಹೆಚ್ಚು, 1970ರಿಂದ 1993ರವರೆಗೆ ನಾಲ್ಕು ಸಲ ಸಂವಿಧಾನ ತಿದ್ದುಪಡಿ, ಎಲ್ಲ ಬಾಯಿಪಾಠ ಅವನಿಗೆ. ಪಕ್ಕದಲ್ಲೇ ಶ್ರೀಲಂಕಾದ ಕಥೆ ಇಟ್ಟು, ಇವರು ರಕ್ತ ಹರಿಸದೆ ಬಗೆಹರಿಸಿಕೊಂಡರು ಅಂತ ಹೇಳುತ್ತದೆ. ಹುಡುಗನ ಮಾತಿನಲ್ಲಿ ಕೊನೆಗೆ ಇದನ್ನು ಸೇರಿಸಿ, ಇಂಡಿಯಾದ ಮಕ್ಕಳು ಇವರ ದೇಶದ ಬಗ್ಗೆ ಪರೀಕ್ಷೆ ಬರೆಯುತ್ತಾರೆ ಅಂದರೆ ಟೀಚರ್‌ಗೆ ಖುಷಿಯಾಗುತ್ತದೆ.

ವಾಟರ್ಲೂ ಕಡೆಯಿಂದ:
ಕನ್ನಡ ಓದಲು ಬಂದರೆ ಇಲ್ಲಿ ಕೆಲಸ ಸಿಗುತ್ತಾ ಸರ್? ಮನೆಯಲ್ಲಿ ಮಾತಾಡಿದರೆ ಸಾಕು.

ಆಂಟ್‌ವರ್ಪ್‌ನ ಹಿರಿಯರು:
ಫ್ಲಾಂಡರ್ಸ್‌ನ ತಾಯಂದಿರಿಗೂ ಇದೇ ಮಾತು ಹೇಳುತ್ತಿದ್ದರು: ಮನೆಯಲ್ಲಿ ಮಾತಾಡಿಕೊಳ್ಳಿ, ಓದುವುದು ಫ್ರೆಂಚ್. ಅವರು ಒಪ್ಪಲಿಲ್ಲ, ಅದಕ್ಕೇ ಇವತ್ತು ಲುವೆನ್‌ನಲ್ಲಿ ಈ ತಂಗಿಯ ಮಗ ಡಚ್‌ನಲ್ಲಿ ಪಾಠ ಕೇಳುತ್ತಿದ್ದಾನೆ. 1968ರಲ್ಲಿ ಆ ಊರಿನ ಯೂನಿವರ್ಸಿಟಿಯನ್ನೇ ಭಾಷೆಗಾಗಿ ಎರಡು ಮಾಡಿದರು. ಫ್ರೆಂಚ್ ಭಾಗಕ್ಕಾಗಿ ಲುವೆಂ-ಲಾ-ನವ್ ಅನ್ನುವ ಊರನ್ನೇ ಹೊಸದಾಗಿ ಕಟ್ಟಿದರು. ನಾವು ವಾರಕ್ಕೆ ಎರಡು ಗಂಟೆ ಕೊಡಲಾರೆವಾ? ಭಾನುವಾರದ ಕನ್ನಡ ಕಲಿ ತರಗತಿಗೆ ಮಕ್ಕಳನ್ನು ಕಳಿಸುವವರು ಇಲ್ಲೇ ಹೆಸರು ಹೇಳಿ, ಪಟ್ಟಿ ಮಾಡುತ್ತೇನೆ.

ಹಾಸೆಲ್ಟ್‌ನಿಂದ:
ನನ್ನ ತಂಗಿಯ ಮಗಳನ್ನು ಸೇರಿಸಿಕೊಳ್ಳಿ ಸರ್.

ಮೆಖೆಲೆನ್‌ನಿಂದ:
ನಮ್ಮವರಿಬ್ಬರು.

ಲುವೆನ್‌ನ ಒಬ್ಬ ಅಮ್ಮ:
ಎಲ್ಲರಿಗೂ ಧನ್ಯವಾದ. ನಮ್ಮವನ ಹೆಸರೂ ಬರೆದುಕೊಳ್ಳಿ ಸರ್, ಅಕ್ಷರ ಬರುತ್ತದೆ, ಒತ್ತಕ್ಷರದಲ್ಲಿ ತಡವರಿಸುತ್ತಾನೆ. ಸ್ಖಾರ್ಬೇಕ್‌ನವರು ಬರೆದದ್ದನ್ನು ಓದಿ ಹೇಳಿದೆ. ಸ್ಪೇನಿನ ಸೇನಾಪತಿಯ ವಿಷಯ ಕೇಳಿ ಕುಣಿದಾಡುತ್ತಿದ್ದಾನೆ, ವಾನ್ ದ ವೇಯರ್ ನಮ್ಮೂರಿನವನು ಅಂದಾಗ ನಂಬಲೇ ಇಲ್ಲ. ಕಾನ್ಸಿಯೆನ್ಸ್‌ನೂ ಸೇರಿದರೆ ನಾಲ್ವರಾಗುತ್ತಾರೆ, ಟೀಚರ್ ಹೇಳಿದ್ದು ಮೂವರು. ಯಾರನ್ನು ಬಿಡಲಿ?

ಬ್ರಸೆಲ್ಸ್‌ನಲ್ಲಿರೋ ಹುಬ್ಬಳ್ಳಿಯವ:
ರೊಜಿಯೆನ ಬಿಡ್ರಿ ಅಕ್ಕಾರ, ಅವನ ಬಗ್ಗೆ ಎಲ್ಲಾ ಮಕ್ಕಳೂ ಹೇಳ್ತಾವ.

ಆಂಟ್‌ವರ್ಪ್‌ನ ಹಿರಿಯರು:
ಕಾನ್ಸಿಯೆನ್ಸ್‌ನನ್ನು ಮಾತ್ರ ಬಿಡಬೇಡಿ.

ಬ್ರಸೆಲ್ಸ್, ಸ್ಖಾರ್ಬೇಕ್‌ನಿಂದ:
ಅಕ್ಕಾ, ಆರಿಸುವುದನ್ನು ಅವನಿಗೇ ಬಿಡಿ, ಮಾತಾಡುವವನು ಅವನು. ಬರುವ ಶನಿವಾರ ನಾನು ಬಿಡುವಾಗಿದ್ದೇನೆ. ಹತ್ತು ಗಂಟೆಗೆ ಸೆಂಟ್ರಲ್ ಸ್ಟೇಷನ್ ಬಾಗಿಲಲ್ಲಿ ಸಿಗುತ್ತೇನೆ, ಮಗಳನ್ನೂ ಕರೆತರುತ್ತೇನೆ. ಅವನ ಡಚ್ ಹಾಳೆ ತನ್ನಿ, ಅವಳು ಓದಿ ತಿದ್ದಿಕೊಡುತ್ತಾಳೆ.