‘ಕಾಯುವುದು’: ಲಿಮಿಟ್ ಪೋಕರಿನ ಒಂದು ಅರ್ಥಕ್ಕೆ ಕನ್ನಡ ಪದ

ಪ್ರಶ್ನೆ, ದಾವಣಗೆರೆಯಿಂದ: ‘ಬೆಟ್’ ಅನ್ನೋದಕ್ಕೆ ‘ಪಣ ಕಟ್ಟು’ ಸಾಕು. ತೊಡಕಿರೋದು ‘ಪ್ರೊಟೆಕ್ಷನ್’ಗೆ. ನಮ್ಮ ಕೈ ಗಟ್ಟಿ ಇದೆ, ಇನ್ನೂ ನಾಲ್ವರು ಆಟದಲ್ಲಿದ್ದಾರೆ; ಮುಂದಿನ ಎಲೆ ಅವರಿಗೆ ಅಗ್ಗಕ್ಕೆ ಸಿಗದಂತೆ ಕಟ್ಟುವ ಪಣ ಇದು. ‘ರಕ್ಷಣಾ ಪಣ’ ಅಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತೆ. ಇಸ್ಪೀಟಿನವರ ಬಾಯಲ್ಲಿ ಬೇರೆ ಮಾತಿದೆಯೇ?

ಉತ್ತರ: ಮೂರೆಲೆ ಆಟದಲ್ಲಿ ಹುಡುಕಿ ಫಲವಿಲ್ಲ ಸರ್. ಅಲ್ಲಿ ಬ್ಲೈಂಡ್, ಚಾಲ್, ಶೋ ಎಲ್ಲ ಇವೆ. ಆದರೆ ಹಂಚಿದ ಮೇಲೆ ಹೊಸ ಎಲೆ ಬರೋದಿಲ್ಲ. ಸೋತ ಕೈ ಗೆಲ್ಲುವ ಕೈ ಆಗೋ ಭಯವೇ ಇಲ್ಲದಿದ್ದರೆ ಕಾವಲೇಕೆ?

ನಿಮ್ಮ ಜಿಲ್ಲೆಯ ಮೆಕ್ಕೆಜೋಳದ ಕಣಕ್ಕೆ ಬನ್ನಿ. ನಡುವೆ ಬಿದ್ದ ದುಡ್ಡು ‘ರಾಶಿ’. ‘ರಾಶಿ ಕಾಯೋದು’ ರೂಢಿಯ ಮಾತು. ಕಾಯು ಅಂದರೆ ಕಾವಲೂ ಹೌದು, ತಡೆದು ನಿಲ್ಲೋದೂ ಹೌದು. ಪ್ರತಿ ಸುತ್ತಿನ ಪಣ ಇಷ್ಟೇ ಎಂದು ಮೊದಲೇ ಗೊತ್ತುಮಾಡಿದ ಲಿಮಿಟ್ ಆಟಕ್ಕೆ ಎರಡೂ ಅರ್ಥ ಬೇಕು.

ಲೆಕ್ಕ ನೋಡಿ. ಆಟ 10-20: ಫ್ಲಾಪಿನವರೆಗೆ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ ನೆಲಕ್ಕೆ ಬೀಳೋದು) ಪಣ 10, ಟರ್ನಿನಿಂದ (ನಾಲ್ಕನೆಯ ಎಲೆ) 20. ಫ್ಲಾಪಿಗೆ ಮೊದಲೇ ಏರಿಸಿ ಐವರೂ 20 ಹಾಕಿದ್ದರೆ ರಾಶಿ 100. ನೆಲದ ಮೇಲೆ ರಾಜ, ಒಂಬತ್ತು, ನಾಲ್ಕು, ನಿಮ್ಮಲ್ಲಿ ಎಕ್ಕ-ರಾಜ. ನೀವು 10 ಕಟ್ಟಿದರೆ ರಾಣಿ-ಗುಲಾಮ ಹಿಡಿದವನಿಗೆ 10ಕ್ಕೆ 110, ಒಂದಕ್ಕೆ ಹನ್ನೊಂದು ಕಾಣುತ್ತೆ. ರಾಜನಿಂದ ಒಂಬತ್ತರವರೆಗೆ ಸಾಲು ಕೂಡಲು ಅವನಿಗೆ ಬೇಕಾದ್ದು ಹತ್ತರ ಎಲೆ, ಕಾಣದ 47 ಎಲೆಗಳಲ್ಲಿ ನಾಲ್ಕು: 43ಕ್ಕೆ 4, ಅಂದರೆ 10.75ಕ್ಕೆ ಒಂದು. ಅವನು ಬರೋದೇ ಸರಿ. ಕಟ್ಟಿದ್ದೀರಿ, ಕಾಯಲಿಲ್ಲ.

ಅದರ ಬದಲು ಫ್ಲಾಪಿನಲ್ಲಿ ಚೆಕ್ ಮಾಡಿ, ಅಂದರೆ ಪಣ ಕಟ್ಟದೆ ಸರದಿ ದಾಟಿಸಿ; ಎಲ್ಲರೂ ಚೆಕ್ ಮಾಡಿದರೂ ಟರ್ನಿನಲ್ಲಿ ನೀವು 20 ಕಟ್ಟಿದಾಗ ಅವನಿಗೆ 20ಕ್ಕೆ 120, ಒಂದಕ್ಕೆ ಆರು ಮಾತ್ರ. ಈಗ ಬಂದರೆ ಅವನಿಗೇ ನಷ್ಟ. ಇನ್ನೂ ಒಳ್ಳೆಯದು, ಕೊನೆಯವನು ಫ್ಲಾಪಿನಲ್ಲೇ 10 ಕಟ್ಟಿದಾಗ ನೀವು 20ಕ್ಕೆ ಏರಿಸೋದು: ನಡುವಿನವರಿಗೆ 20ಕ್ಕೆ 130, ಆರೂವರೆ. ಕಟ್ಟುವವನು ನಿಮ್ಮ ಎಡಕ್ಕೇ ಕೂತಿದ್ದರೆ ಈ ಉಪಾಯ ಕೈಕೊಡುತ್ತೆ. ನಿಮ್ಮ ಸರದಿ ಬರುವಷ್ಟರಲ್ಲಿ ಮೂವರೂ 10 ಹಾಕಿರುತ್ತಾರೆ, ರಾಶಿ 140. ಏರಿಸಿದ ಮೇಲೆ ಅವರು ಕೊಡೋದು ಇನ್ನು 10 ಅಷ್ಟೇ, ಯಾರೂ ಏಳೋದಿಲ್ಲ. ಕೈಯಲ್ಲಿ ಜೋಡಿ ಒಂಬತ್ತಿದ್ದು ಮೂರು ಒಂಬತ್ತಾಗಿದ್ದರೆ ಎಲ್ಲರೂ ಉಳಿಯೋದೇ ಬೇಕಾದ್ದು, ಬಿಡಿ.

ಫ್ಲಾಪಿಗೆ ಮೊದಲು ಯಾರೂ ಏರಿಸದೆ ರಾಶಿ 50 ಇದ್ದರೆ ಟರ್ನಿನವರೆಗೆ ತಡೆಯಬೇಡಿ. ಫ್ಲಾಪಿನ 10ಕ್ಕೇ 60, ಆಗಲೇ ಆರಾಯಿತು. ಸುಮ್ಮನಿದ್ದರೆ ಎಲೆ ಪುಕ್ಕಟೆ ಕೊಟ್ಟಂತೆ.

ಆದ್ದರಿಂದ ನನ್ನ ಆಯ್ಕೆ ‘ಕಾವಲು ಪಣ’. ಸೋತ ಕೈಗಳಿಂದ ಹಣ ಸೇರಿಸುವ ‘ವ್ಯಾಲ್ಯೂ ಬೆಟ್’ಗೆ ‘ಬೆಳೆಸುವ ಪಣ’. ಎರಡನ್ನೂ ಒಂದೇ ಪದದಲ್ಲಿ ಕಟ್ಟಬಾರದು. ಎಕ್ಕದ ಸಮೇತ ನಾಲ್ಕು ಆಟೀನು ಸೇರಿದ ಕೈಯನ್ನೇ ನೋಡಿ: ಐದು ಆಟೀನಾದರೆ ಗಟ್ಟಿ ಕೈ; ಇನ್ನೆರಡು ಎಲೆಯಲ್ಲಿ ಐದನೆಯದು ಬರುವ ಸಂಭವ ಸುಮಾರು 35%, ಐವರಲ್ಲಿ ನಿಮ್ಮ ಪಾಲಿನ ಹಣ 20%. ಕಾಯೋಕೆ ಇನ್ನೂ ಏನೂ ಕೈಗೆ ಬಂದಿಲ್ಲ, ಆದರೂ ಕಟ್ಟಬೇಕು.