ಅತಿಥಿಗಳ ವಾರಾಂತ್ಯ, ನಮ್ಮ ಬಿಡುವು

ಪ್ರಶ್ನೆ: ಮುಳ್ಳಯ್ಯನಗಿರಿಯ ತಪ್ಪಲಿನಿಂದ

ಚಿಕ್ಕಮಗಳೂರಿನ ಹೊರವಲಯದಲ್ಲಿ ನಮ್ಮ ಕುಟುಂಬವು ಸಣ್ಣದೊಂದು ಹೋಂಸ್ಟೇ ನಡೆಸುತ್ತಿದೆ. ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಬೆಂಗಳೂರಿನ ಅತಿಥಿಗಳಿಗೆ ಅಕ್ಕಿರೊಟ್ಟಿ, ಬಿಸಿನೀರು, ಬೆಟ್ಟಕ್ಕೆ ಜೀಪು ಎಂದು ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ಅವರ ವಿಹಾರವೇ ನಮ್ಮ ದುಡಿಮೆ. ಸೋಮವಾರ, ಮಂಗಳವಾರ ಕೆಲಸ ಕಡಿಮೆಯಿದ್ದರೂ ಮಕ್ಕಳಿಗೆ ಶಾಲೆ, ನೆಂಟರಿಗೆ ಕಚೇರಿ ಇರುವುದರಿಂದ ಆ ಬಿಡುವನ್ನು ಯಾರೊಡನೆಯೂ ಕಳೆಯಲಾಗದೆ ಮೊಬೈಲ್ ನೋಡುತ್ತ ಕೂರುವಂತಾಗಿದೆ, ದಣಿವೂ ಆರುವುದಿಲ್ಲ. ದಿನನಿತ್ಯದ ಬದುಕಿನಲ್ಲಿ ವಿರಾಮವನ್ನು ಉಳಿಸಿಕೊಳ್ಳುವುದು ಹೇಗೆ? ಇದೇ ಕಸುಬಿನವರು, ತೋಟದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಆಲ್ದೂರು ಕಡೆಯ ತೋಟದ ರೈಟರ್ (ಲೆಕ್ಕ ಬರೆಯುವವರು)

ಇದಕ್ಕೆ ತೋಟಗಳಲ್ಲಿ ಹಳೆಯದೊಂದು ಉತ್ತರವಿದೆ: ಸಂತೆಯ ದಿನದ ರಜೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯು ವಾರಕ್ಕೊಂದು ವಿಶ್ರಾಂತಿಯ ದಿನವನ್ನು ಹೇಳಿದ್ದಲ್ಲದೆ, ಕಾರ್ಮಿಕರಿಗೂ ಅವರ ಮಕ್ಕಳಿಗೂ ಮನರಂಜನೆಯ ಸೌಲಭ್ಯ ಒದಗಿಸುವಂತೆ ಮಾಲೀಕರಿಗೆ ನಿಯಮ ವಿಧಿಸುವ ಅಧಿಕಾರವನ್ನೂ ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. ಆದರೆ ಲೈನ್ ಮನೆಯವರಿಗೆ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕಾರ್ಮಿಕರಿಗೆ, ಆ ದಿನ ಪ್ರಿಯವಾಗುವುದು ಕಾನೂನಿನ ದೆಸೆಯಿಂದಲ್ಲ. ಅಂದು ಸುತ್ತಲಿನ ತೋಟಗಳವರೆಲ್ಲ ಒಟ್ಟಿಗೆ ಬಿಡುವಾಗಿರುತ್ತಾರೆ; ಉಪ್ಪು, ಒಣಮೀನು ಕೊಂಡ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಮೆಣಸಿನಕಾಯಿ ಬೋಂಡಾ ತಿನ್ನುತ್ತ, ಬೇರೆ ತೋಟದ ನೆಂಟರೊಡನೆ ಬಸ್ಸು ಬರುವವರೆಗೂ ಮಾತಾಡುತ್ತ ನಿಂತಿರುತ್ತಾರೆ. ನೀವೂ ಅಕ್ಕಪಕ್ಕದ ಹೋಂಸ್ಟೇಯವರೊಡನೆ ಮಾತಾಡಿ, ಮಂಗಳವಾರವಾದರೂ ಸರಿ, ಎಲ್ಲರೂ ಒಂದೇ ದಿನ ಬುಕಿಂಗ್ ನಿಲ್ಲಿಸಿ ನೋಡಿ. ಒಬ್ಬರೇ ನಿಲ್ಲಿಸಿದರೆ ಮತ್ತೆ ಮೊಬೈಲೇ ಗತಿ.

ಉತ್ತರ: ಸಕಲೇಶಪುರದಿಂದ, ಗೃಹಿಣಿ

ಬುಕಿಂಗ್ ನಿಂತರೂ ಒಲೆ ನಿಲ್ಲುವುದಿಲ್ಲವೆಂಬುದನ್ನು ರೈಟರ್ ಅವರು ಮರೆತಂತಿದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲೇ ಕಳೆದರೆ, ಪುರುಷರು ಕಳೆಯುವುದು 97 ನಿಮಿಷ. ಆದ್ದರಿಂದ ವಿರಾಮವನ್ನು ಮೊದಲು ಮನೆಯೊಳಗೇ ಹಂಚಬೇಕು. ಮಳೆಗಾಲದಲ್ಲಿ ನಮ್ಮತ್ತೆ ಅಟ್ಟದಿಂದ ಅಳಗುಳಿಮನೆ ಇಳಿಸುತ್ತಾರೆ. ಎರಡು ಸಾಲಿನಲ್ಲಿ ಏಳೇಳು ಗುಳಿ, ಸವೆದು ನುಣುಪಾದ ಹುಣಸೆ ಬೀಜ. ಅವರು ಬೀಜ ಬಿತ್ತುವ ವೇಗಕ್ಕೆ ನನ್ನ ಎಣಿಕೆಯೇ ತಪ್ಪುತ್ತದೆ. ಆಟ ಮುಗಿಯುವವರೆಗೆ ಅಡುಗೆಮನೆ ಗಂಡಸರ ಪಾಲು ಎಂಬ ಕಟ್ಟಳೆಯಿದೆ. ಸಾರು ಕೆಲವೊಮ್ಮೆ ನೀರಾಗುತ್ತದೆ, ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ.

ಉತ್ತರ: ಕೊಪ್ಪದಿಂದ

ವಾರದ ನಡುವಿನ ಸಂಜೆಗಳಿಗೆ ತಾಳಮದ್ದಳೆ ಹೇಳಿ ಮಾಡಿಸಿದಂತಿದೆ. ಮಳೆ ಹಿಡಿದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ, ವೇಷವಾಗಲಿ ಕುಣಿತವಾಗಲಿ ಇಲ್ಲದೆ, ಭಾಗವತರ ಪದ್ಯಕ್ಕೆ ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುವ ಈ ಕಲೆಗೆ ಒಂದು ಜಗಲಿ ಸಾಕು. ಕೃಷ್ಣನೂ ಕೌರವನೂ ವಾದಕ್ಕಿಳಿದಾಗ ಕೇಳುಗರು ಫೋನ್ ಮುಟ್ಟುವುದನ್ನು ನಾನಂತೂ ಕಂಡಿಲ್ಲ. ಇದು ಅಭಿಮಾನದ ಮಾತೆಂದರೂ ಒಪ್ಪುತ್ತೇನೆ. ಆದರೆ ಬಿಡುವನ್ನು ಯಾವಾಗಲೂ ನಾಲ್ಕು ಜನರೊಡನೆಯೇ ಕಳೆಯಬೇಕೆಂದೇನೂ ಇಲ್ಲ. ಒಬ್ಬರೇ ತೋಟ ಸುತ್ತಿ ಬಂದರೂ ಅದು ವಿರಾಮವೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಮಳೆ ನೋಡಲೆಂದೇ ಬರುವ ಅತಿಥಿಗಳೂ ಈಗ ಇರುವುದರಿಂದ ಮಳೆಗಾಲವೂ ಪೂರ್ತಿ ನಮ್ಮದಲ್ಲ. ಆದರೂ ಮಂಗಳವಾರದ ಸಲಹೆಯನ್ನು ನೆರೆಯವರ ಮುಂದಿಡುತ್ತೇನೆ; ಅಂದಿನ ಅಡುಗೆ ಯಾರದೆಂಬುದನ್ನು ಅದಕ್ಕೂ ಮೊದಲು ಮನೆಯಲ್ಲಿ ತೀರ್ಮಾನಿಸಬೇಕಾಗಿದೆ.