ಸಹಾಯ ಬೇಕು: ಕಿವಿ ಹಣ್ಣು, ಅನಾನಸ್ ಹಾಕಿದ ಚಿಯಾ ಪುಡಿಂಗ್ ಕಹಿಯಾಗ್ತಿದೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಊಟ ಆದ್ಮೇಲೆ ಸಿಹಿ ಬೇಕೇ ಬೇಕು. ಆದ್ರೆ ಗಟ್ಟಿ ಪದಾರ್ಥ ಅಗಿಯೋಕಾಗಲ್ಲ, ಸಕ್ಕರೆನೂ ಕಮ್ಮಿ ಮಾಡಬೇಕು. ಹಾಗಾಗಿ ಚಿಯಾ ಬೀಜ, ಹಣ್ಣು, ಸ್ವಲ್ಪವೇ ಖರ್ಜೂರ ಸೇರಿಸಿ ಪುಡಿಂಗ್ ಮಾಡಿಕೊಡ್ತಿದ್ದೀನಿ. ತುಂಬಾ ಇಷ್ಟಪಟ್ಟು ತಿಂತಾರೆ.

1 ಕಪ್ ಹಾಲಿಗೆ 3 ದೊಡ್ಡ ಚಮಚ ಚಿಯಾ ಹಾಕಿ, 10 ನಿಮಿಷ ಬಿಟ್ಟು ಮತ್ತೆ ಕಲಕಿ (ಇಲ್ಲಾಂದ್ರೆ ತಳದಲ್ಲಿ ಗಂಟು ಕಟ್ಟುತ್ತೆ) ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡ್ತೀನಿ. ಬಾಳೆಹಣ್ಣು, ಮಾವಿನಹಣ್ಣು ಹಾಕಿದಾಗ ಚಮಚ ನೆಟ್ಟಗೆ ನಿಲ್ಲೋಷ್ಟು ಗಟ್ಟಿಯಾಗಿ ಬರುತ್ತೆ. ಹಸಿ ಕಿವಿ ಅಥವಾ ಅನಾನಸ್ ಹಾಕಿದ್ರೆ ಮಾತ್ರ ಬೆಳಿಗ್ಗೆ ಹಣ್ಣಿನ ಸುತ್ತ ನೀರು ಬಿಟ್ಟಿರುತ್ತೆ, ಹಾಲು ಒಡೆದಂಗಾಗಿ ನಾಲಿಗೆಗೆ ಕಹಿ ಹತ್ತುತ್ತೆ. ಈ ಹಣ್ಣುಗಳಲ್ಲಿರೋ ಕಿಣ್ವ ಹಾಲಿನ ಪ್ರೋಟೀನ್ ಒಡೆಯುತ್ತೆ, ಬೇಯಿಸಿದ್ರೆ ಆ ಕಿಣ್ವ ಸತ್ತುಹೋಗುತ್ತೆ ಅಂತ ಗೊತ್ತು. ಆದ್ರೆ ಬೇಯಿಸಿದ್ರೆ ವಿಟಮಿನ್ ಸಿ ಕೂಡ ಕಮ್ಮಿಯಾಗುತ್ತಲ್ಲ, ನನಗೆ ಮನಸ್ಸು ಒಪ್ತಿಲ್ಲ. ತೆಂಗಿನ ಹಾಲಲ್ಲಿ ಮಾಡಿದವರು ಇದ್ದೀರಾ? ಅದರಲ್ಲೂ ಕಹಿ ಬರುತ್ತಾ? ಅಥವಾ ತಿನ್ನೋ ಹೊತ್ತಿಗೇ ಹಣ್ಣು ಹಾಕೋದೊಂದೇ ದಾರಿನಾ?

ಇನ್ನೊಂದು, ಅಗಸೆ ಮತ್ತು ಕುಂಬಳ ಬೀಜ. ಅಗಸೆ ಇಡಿಯಾಗಿ ಹಾಕಿದ್ರೆ ಜೀರ್ಣ ಆಗದೆ ಹಾಗೇ ಹೋಗುತ್ತೆ, ಅದಕ್ಕೆ ಆಗಾಗ ಸ್ವಲ್ಪ ಸ್ವಲ್ಪವೇ ಪುಡಿ ಮಾಡ್ಕೋತೀನಿ. ಕುಂಬಳ ಬೀಜ ಎಷ್ಟು ತಿರುಗಿಸಿದ್ರೂ ತರಿತರಿಯಾಗೇ ಉಳಿಯುತ್ತೆ, ಅಮ್ಮನ ಹಲ್ಲಿಗೆ ಸಿಕ್ಕಿಕೊಳ್ಳುತ್ತೆ. ನೆನೆಸಿ ರುಬ್ಬಬೇಕಾ, ಹುರಿದು ಪುಡಿ ಮಾಡಬೇಕಾ? ಮಾಡಿ ನೋಡಿದವರು ದಯವಿಟ್ಟು ಅಳತೆ ಸಮೇತ ಹೇಳಿ.